ಹುಲಿಹೈದರದ ಬಸ್ಸಿನಲ್ಲಿ ಕರಡಿ ಏರಿದ ರಾಜಕುಮಾರಿ

ಮೊನ್ನೆ ಗಂಗಾವತಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮಾತು ಮುಗಿಸಿ, ಕಾರು ಕೊಡುತ್ತೇವೆಂದವರಿಗೆ ಬೇಡವೆಂದು ಹೇಳಿ ಬಸ್ ಹತ್ತಿದೆ. ಜೋರು ಮಳೆ. ಕಿಟಕಿಯ ಷಟರುಗಳನ್ನೆಲ್ಲ ಇಳಿಸಿದ್ದರು. ಒದ್ದೆ ಸೀರೆ, ಡೀಸೆಲ್, ನಾಟಿ ಗದ್ದೆಯ ಕೆಸರು, ಯಾರದೋ ಬುತ್ತಿಯ ಪುಂಡಿಪಲ್ಯ, ಎಲ್ಲವೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಐವತ್ತರ ಹತ್ತಿರ ಬಂದ ಹೆಂಗಸು ಎನ್ನುವುದೇ ಮರೆತುಹೋಯಿತು. ಆ ಸ್ಕೂಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ್ದಳು: "ಮೇಡಂ, ನಿಮ್ಮ ಕತಿಯೊಳಗ ಹುಡುಗೀರು ಕತ್ತಿ ಹಿಡೀತಾರ, ಹುಡುಗ್ರು ರೊಟ್ಟಿ ಬಡೀತಾರ. ಇದನ್ನೆಲ್ಲ ಎಲ್ಲಿಂದ ತಂದೀರಿ?" ಅಲ್ಲಿ ಏನೋ ಒಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದೆ. ನಾನು ಬರೆಯುವ ಮಾಯಾಲೋಕದ ಪ್ರೇಮಕಥೆಗಳನ್ನು ಹೊರದೇಶದ ಸರಕು ಎಂದು ಕೆಲವರು ಮೂಗು ಮುರಿಯುವುದುಂಟು. ಮುರಿಯಲಿ. ನಾನು ಎಲ್ಲಿಂದಲೂ ತರಿಸಿಕೊಂಡಿಲ್ಲ. ಹುಲಿಹೈದರದಿಂದ ಕನಕಗಿರಿಯ ಮೇಲೆ ಗಂಗಾವತಿಗೆ ಹೋಗುತ್ತಿದ್ದ ಕೆಂಪು ಬಸ್ಸಿನಲ್ಲಿ, 1998ರ ಮಳೆಗಾಲದಲ್ಲಿ, ನಿಂತುಕೊಂಡೇ ಸಂಪಾದಿಸಿದ್ದು.

ಕೊಪ್ಪಳ ಜಿಲ್ಲೆಯಾದ ಮರುವರ್ಷ ಅದು. ನಾನು ಗಂಗಾವತಿಯಲ್ಲಿ ಬಿ.ಎ. ಎರಡನೇ ವರ್ಷ. ನಮ್ಮೂರಿನಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ, ಹಾಗಾಗಿ ಊರಿಗೆಲ್ಲ ನನ್ನ ಮೇಲೆ ಒಂದು ಕಣ್ಣು. ಅಪ್ಪ ಸಜ್ಜೆ, ತೊಗರಿ ಬೆಳೆಯುವ ಒಣಬೇಸಾಯದ ರೈತ. ಕೆಟ್ಟವನಲ್ಲ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ ಅವನಿಗೆ. ಆ ವರ್ಷ ಮುಂಗಾರು ಬೀಳುವ ಮುಂಚೆಯೇ ಆಡಿಬಿಟ್ಟಿದ್ದ: "ಬರೋ ಬ್ಯಾಸಿಗಿಗೆ ರೇಣುಕಾನ ಮದಿವಿ. ಕಲ್ತಿದ್ದು ಅಲ್ಲಿಗೆ ಸಾಕು." ಮೂರನೇ ವರ್ಷ ಮುಗಿಸಿ ಡಿಗ್ರಿ ಕೈಯಲ್ಲಿ ಹಿಡಿಯಬೇಕೆನ್ನುವುದು ನನ್ನ ಹಟ. ಅಪ್ಪನ ಹಟಕ್ಕಿಂತ ನನ್ನದು ಕಡಿಮೆಯೇನಲ್ಲ, ಆದರೆ ಬಸ್ ಪಾಸಿನ ದುಡ್ಡು ಅವನ ಜೇಬಿನಲ್ಲಿತ್ತು.

ಕಥೆ ಶುರುವಾದದ್ದು ಹಳ್ಳದ ದೆಸೆಯಿಂದ. ಒಂದು ಬೆಳಿಗ್ಗೆ ಕನಕಗಿರಿ ದಾಟಿದ ಮೇಲೆ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಡ್ರೈವರ್ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಹಳ್ಳ ಇಳಿಯುವ ತನಕ ಯಾರೂ ಕದಲುವಂತಿಲ್ಲ. ಬಸ್ಸಿನ ತುಂಬ ನಾಟಿಗೆ ಹೊರಟ ಹೆಂಗಸರು. ನಮ್ಮ ಕಡೆ ಮಳೆ ನಂಬಿದ ಹೊಲ, ಗಂಗಾವತಿಯ ಕಡೆ ಕಾಲುವೆಯ ನೀರು. ಹಾಗಾಗಿ ಆ ತಿಂಗಳುಗಳಲ್ಲಿ ನಮ್ಮ ಭಾಗದ ಹೆಂಗಸರು ಗುಂಪುಗುಂಪಾಗಿ ಭತ್ತ ನಾಟಿ ಮಾಡಲು ಅತ್ತ ಹೋಗುತ್ತಿದ್ದರು. ಅವರ ಮುಂದಾಳು ದುರಗವ್ವ, ನಮ್ಮೂರವಳೇ, ಬಾಯಿ ಬಿಟ್ಟರೆ ಬಸ್ಸಿನ ಹಾರ್ನ್ ಬೇಡ. ಅವಳ ಮೊಮ್ಮಗಳು ಅಳಲು ಹತ್ತಿದ್ದಳು. "ತಂಗಿ, ಕಾಲೇಜ ಕಲ್ತಾಕಿ ನೀನು, ಒಂದ್ ಕತಿ ಹೇಳಿ ಇದರ ಬಾಯಿ ಮುಚ್ಚಸವಾ" ಎಂದಳು ದುರಗವ್ವ.

ಷಟರಿನ ಸಂದಿಯಲ್ಲಿ ದೂರದ ಬಂಡೆಗುಡ್ಡ ಕಾಣುತ್ತಿತ್ತು. ಗಂಗಾವತಿ ಸೀಮೆಯ ಗುಡ್ಡ ನೋಡಿದವರಿಗೆ ಗೊತ್ತು, ಬಂಡೆಯ ಮೇಲೆ ಬಂಡೆ ಕೂತಿರುತ್ತದೆ. ನಾನು ಶುರು ಮಾಡಿದೆ: "ಆ ಕಲ್ಲೆಲ್ಲಾ ಒಂದ್ ಕಾಲಕ್ಕ ಗಂಡಸರಾಗಿದ್ರು." ಹಿಂದಿನ ಸೀಟಿನ ಗಂಡಸರು ತಲೆ ಎತ್ತಿ ನೋಡಿದರು. ಅಲ್ಲೊಂದು ಹೆಣ್ಣರಸರ ರಾಜ್ಯವಿತ್ತು, ಅಲ್ಲಿ ಸುಳ್ಳು ಹೇಳಿದ ಗಂಡಸು ಹೇಳಿದ ಜಾಗದಲ್ಲೇ ಕಲ್ಲಾಗುತ್ತಿದ್ದ ಎಂದೆ. "ಹಂಗಾದ್ರ ಇನ್ನೂ ಗುಡ್ಡ ಬೆಳೀಬೇಕಾಗಿತ್ತಲ್ಲ ತಂಗಿ" ಎಂದಳು ದುರಗವ್ವ. ಬಸ್ಸಿಗೆ ಬಸ್ಸೇ ನಕ್ಕಿತು. ಹಳ್ಳ ಇಳಿಯಿತು, ಬಸ್ ದಾಟಿತು, ಕಥೆ ಮಾತ್ರ ನಿಲ್ಲಲಿಲ್ಲ. ಮಾರನೆಯ ದಿನ ನಾನು ಹತ್ತುತ್ತಿದ್ದಂತೆ ಕಂಡಕ್ಟರನೇ ಕೇಳಿದ: "ಮುಂದ?"

ಹೀಗೆ ನಾನು ಆ ಬಸ್ಸಿನ ಕಥೆಗಾರ್ತಿಯಾದೆ. ಸೀಟು ಸಿಕ್ಕರೂ ಕೂರುವಂತಿರಲಿಲ್ಲ, ನಿಂತರೆ ಹಿಂದಿನವರಿಗೂ ಕೇಳಿಸುತ್ತದೆಂದು ದುರಗವ್ವನ ಆಜ್ಞೆ. ಕಥೆಯ ರಾಜಕುಮಾರಿ ನೀಲಾಂಬರಿ. ದುರಗವ್ವ ಮೊದಲ ದಿನವೇ ಅವಳನ್ನು ನೀಲವ್ವ ಮಾಡಿದಳು. ಅವಳಿಗೆ ಒಂದು ಬಿಳಿ ಕುದುರೆ ಕೊಟ್ಟಿದ್ದೆ. ಕನಕಗಿರಿಯಲ್ಲಿ ಹತ್ತುತ್ತಿದ್ದ ನನ್ನ ಕ್ಲಾಸಿನ ಗೆಳತಿ ಹಸೀನಾ ಅದಕ್ಕೆ ಒಪ್ಪಲಿಲ್ಲ. ಅವಳಪ್ಪನದು ಟೈಲರಿಂಗ್ ಅಂಗಡಿ, ಅಳತೆ ತಪ್ಪಿದ್ದು ಅವಳ ಕಣ್ಣಿಗೆ ಕೂಡಲೇ ಬೀಳುತ್ತಿತ್ತು. "ಕುದರಿ ಎಲ್ಲಾ ಗಂಡಸರ ಕತಿಯಾಗೂ ಐತಿ. ನಮ್ಮ ಗುಡ್ಡದಾಗ ಏನೈತಿ ಅದನ್ನ ಕೊಡು ಆಕಿಗೆ. ಕರಡಿ ಕೊಡು" ಎಂದಳು. ಅಂದಿನಿಂದ ನೀಲವ್ವ ಕರಡಿ ಏರಿದಳು. ಬೇಲಿ ಹಾರಿ, ಬಂಡೆ ಹತ್ತಿ, ಜೇನು ಕಂಡಲ್ಲಿ ಮಾತ್ರ ನಿಂತು, ಅವಳ ಕರಡಿ ಹೋಗದ ಜಾಗವಿರಲಿಲ್ಲ.

ಅವಳು ಬಿಡಿಸಿಕೊಂಡು ಬರಬೇಕಾದ ರಾಜಕುಮಾರ ಚಂದ್ರಸೇನ. ಪಕ್ಕದ ರಾಜ್ಯದವನು, ಆ ಬಂಡೆಗುಡ್ಡದ ದೊಡ್ಡ ಗುಹೆಯಲ್ಲಿ ಸೆರೆಯಲ್ಲಿದ್ದ. ಗುಹೆಯ ಕಿಂಡಿಯ ಹತ್ತಿರ ಕೂತು ದಾರಿ ಕಾಯುತ್ತಿದ್ದ, ಆಗಾಗ ಅಳುತ್ತಿದ್ದ. ಹಿಂದಿನ ಸೀಟಿನಿಂದ ಗೊಬ್ಬರದಂಗಡಿಯ ಗುಮಾಸ್ತರೊಬ್ಬರು ತಕರಾರು ತೆಗೆದರು: "ರಾಜಕುಮಾರ ಅಂದಮ್ಯಾಲ ಅಳತಾನೇನವಾ? ಏನ್ ಕತೀನೋ ನಿಂದು." ನಾನು ಉತ್ತರ ಹುಡುಕುವಷ್ಟರಲ್ಲಿ ದುರಗವ್ವ ಎದ್ದಳು. "ನನ್ನ ಗಂಡ ಕುಡದಾಗೊಮ್ಮೆ ಗೊಳೋ ಅಂತ ಅಳತಾನ್ರಿ. ಕುಡೀಲಾರ್ದ ಅಳಾವ ಒಬ್ಬನ್ನರ ಕತಿಯಾಗ ನೋಡ್ತೀವಿ, ಬಿಡ್ರಿ." ಗುಮಾಸ್ತರು ಷಟರಿನ ಕಡೆ ಮುಖ ತಿರುಗಿಸಿದರು. ಮಾರನೆಯ ದಿನ ಬೇಗ ಬಂದು ಮುಂದಿನ ಸೀಟು ಹಿಡಿದಿದ್ದರು.

ಶರಣಪ್ಪ ಕನಕಗಿರಿಯಲ್ಲಿ ಹತ್ತುತ್ತಿದ್ದ. ನಮಗಿಂತ ಒಂದು ವರ್ಷ ಮುಂದಿದ್ದ, ಡಿಗ್ರಿ ಕೊನೇ ವರ್ಷ. ಹಿಂಬಾಗಿಲ ಹತ್ತಿರ ಕಂಬ ಹಿಡಿದು ನಿಂತು, ಪುಸ್ತಕ ತೆರೆದು ಓದುವವನಂತೆ ನಟಿಸುತ್ತ ಕಥೆ ಕೇಳುತ್ತಿದ್ದ. ಹಾಳೆ ತಿರುವುವುದನ್ನು ಮರೆಯುತ್ತಿದ್ದುದರಿಂದ ಅವನ ನಟನೆ ಯಾರಿಗೂ ನಂಬಿಕೆಯಾಗಿರಲಿಲ್ಲ. ಒಂದು ದಿನ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ಹಸೀನಾ ಪಕ್ಕದಲ್ಲಿರುವಾಗಲೇ ಧೈರ್ಯ ಮಾಡಿ ಬಂದ.

"ಒಂದ್ ಮಾತ್ರಿ. ಚಂದ್ರಸೇನ ಬರೇ ಕುಂತಾನಲ್ರಿ. ಅಳೋದು ಬಿಟ್ರ ಅವಗ ಬ್ಯಾರೆ ಕೆಲಸ ಇಲ್ಲೇನು?"

"ಏನ್ ಕೆಲಸ ಕೊಡ್ಲಿ?"

"ರೊಟ್ಟಿ ಬಡೀಲಿ."

ಹಸೀನಾ ನಕ್ಕಳು. ಅವನು ನಗಲಿಲ್ಲ. ಮಳೆ ಹನಿಯುತ್ತಿತ್ತು, ಪ್ಲಾಟ್‌ಫಾರ್ಮಿನ ತಗಡಿನ ಕೆಳಗೆ ನಿಂತು ಮೆಲ್ಲಗೆ ಹೇಳಿದ. ಮನೆಯಲ್ಲಿ ಅವರು ಬರೀ ಗಂಡುಮಕ್ಕಳು, ಅವನೇ ಕೊನೆಯವನು, ಅಣ್ಣಂದಿರಿಗೂ ಇನ್ನೂ ಸಂಬಂಧ ಕೂಡಿಬಂದಿರಲಿಲ್ಲ. ತಾಯಿಯ ಕೈಬೆರಳಿನ ಗೆಣ್ಣುಗಳು ಬಾತು, ಬೆಳಗಿನ ಹೊತ್ತು ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ಅಣ್ಣಂದಿರು ಏಳುವ ಮೊದಲು, ಬಾಗಿಲು ಮುಂದೆ ಮಾಡಿಕೊಂಡು, ದಿನಾ ರೊಟ್ಟಿ ಬಡಿಯುವವನು ಇವನು. "ಅಪ್ಪಗ ಗೊತ್ತಿಲ್ರಿ. ಅವ್ವನೇ ಬಡೀತಾಳ ಅಂತ ತಿಳ್ಕೊಂಡಾನ. ಎಸರು ಸರಿ ಬಿದ್ರ ಹಿಟ್ಟು ತಾನ ಕೇಳತೈತಿ. ಅಂಚಿಗೆ ಬರೂತನಕ ಸೀಳು ಬಿಡಬಾರ್ದು, ಅಷ್ಟ." ಹೇಳುವಾಗ ಅವನ ಬಲಗೈ ಗಾಳಿಯಲ್ಲೇ ರೊಟ್ಟಿ ತಿರುಗಿಸುತ್ತಿತ್ತು.

ನಾನು ಅವನನ್ನು ಪ್ರೀತಿಸಿದ್ದು ಆ ಗಳಿಗೆಯಲ್ಲೇ. ಅದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ಆ ಕೈ ನೋಡಿದೆ, ಮನಸ್ಸು ಹೋಯಿತು. ಮಾರನೆಯ ದಿನದಿಂದ ಚಂದ್ರಸೇನ ಗುಹೆಯೊಳಗೆ ರೊಟ್ಟಿ ಬಡಿಯತೊಡಗಿದ. ಅವನು ಬಡಿಯುವ ಸದ್ದು ಬಂಡೆಯಿಂದ ಬಂಡೆಗೆ ಹಾಯ್ದು ನೀಲವ್ವನ ಕಿವಿಗೆ ಬೀಳುತ್ತಿತ್ತು, ಅವಳು ಆ ಸದ್ದು ಹಿಡಿದು ಗುಹೆ ಹುಡುಕುತ್ತ ಹೊರಟಳು. ನಾಟಿ ಹೆಂಗಸರಿಗೆ ಅದು ಎಷ್ಟು ಹಿಡಿಸಿತೆಂದರೆ, ಕೆಲಸ ಮುಗಿಸಿ ವಾಪಸು ಬರುವ ಬಸ್ಸಿನಲ್ಲೂ ಅದನ್ನೇ ಇನ್ನೊಮ್ಮೆ ಹೇಳಿಸುತ್ತಿದ್ದರು. ಹಿಂಬಾಗಿಲಲ್ಲಿ ಶರಣಪ್ಪ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ.

ನಾವಿಬ್ಬರೂ ಕದ್ದು ಓಡಾಡಿದವರಲ್ಲ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ತನಕದ ದಾರಿ, ಜೊತೆಗೆ ಹಸೀನಾ, ಅಷ್ಟೇ ನಮ್ಮ ಪ್ರೇಮದ ಜಹಗೀರು. ಆ ದಾರಿಯಲ್ಲೇ ನನ್ನ ಡಿಗ್ರಿಯ ವಿಷಯ ಹೇಳಿದೆ. "ನಮ್ಮ ಮನಿಗೆ ಬಂದ್ರ ನಿನ್ನ ಕಾಲೇಜ ಬಿಡಸಾವ್ರ ಯಾರು? ನಾ ಇಲ್ಲೇನು?" ಎಂದ. ಶ್ರಾವಣದಲ್ಲಿ ಹಿರಿಯರನ್ನು ಕರೆದುಕೊಂಡು ಬರುತ್ತೇನೆಂದ. ಎರಡೂ ಮನೆಯವರದು ಒಂದೇ ಜನ, ದೂರದ ಬಳಗವೂ ಇತ್ತು. ಇನ್ನೇನು ಅಡ್ಡಿ ಎಂದು ನಾನು ಗಾಳಿಯಲ್ಲಿ ತೇಲುತ್ತಿದ್ದೆ.

ಬಂದರು. ಅವನಪ್ಪ, ಅವ್ವ, ಇಬ್ಬರು ಅಣ್ಣಂದಿರು, ಊರಿನ ಹಿರಿಯರೊಬ್ಬರು. ಉಪ್ಪಿಟ್ಟು, ಚಹಾ ಆಯಿತು. ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಹೆಸರು ಕೇಳಿದರು, ನಡೆಸಿದರು, ಕುಂಟುತ್ತಾಳೋ ಏನೋ ಎಂದು ಇನ್ನೊಂದು ಸಲ ನಡೆಸಿದರು. ಹಿರಿಯರು ಕೇಳಿದರು: "ರೊಟ್ಟಿ ಬಡಿಯಾಕ ಬರತೈತೇನವಾ?"

"ಬರತೈತ್ರಿ" ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಶ್ರಾವಣದ ಆ ಮಧ್ಯಾಹ್ನ ನನಗೆ ಖುಷಿ ಹೆಚ್ಚಾಗಿತ್ತು, ಬಸ್ಸಿನಲ್ಲಿ ನಿಂತು ಮಾತಾಡಿ ನಾಲಿಗೆಯೂ ಸಡಿಲಾಗಿತ್ತು. "ನಿಮ್ಮ ಹುಡುಗಗ ಬರತೈತೇನ್ರಿ?"

ಅಣ್ಣಂದಿರು ಹೊಟ್ಟೆ ಹಿಡಿದು ನಕ್ಕರು. ನಾನು ಶರಣಪ್ಪನ ಮುಖ ನೋಡಿದೆ. ತುಟಿ ಅಲುಗಿತು. ಹೇಳುತ್ತಾನೆ ಎಂದುಕೊಂಡೆ. ಅವನು ಅಪ್ಪನ ಕಡೆ ಒಮ್ಮೆ ನೋಡಿ, "ಅದೆಲ್ಲ ಹೆಂಗಸರ ಕೆಲಸ, ನನಗ್ಯಾಕ ಬರತೈತಿ" ಎಂದ. ಪಕ್ಕದಲ್ಲಿ ಅವನ ತಾಯಿ ಬಾತ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಅವನಪ್ಪ ತಮಾಷೆಯನ್ನು ಅಲ್ಲಿಗೇ ಬಿಟ್ಟು ವ್ಯವಹಾರಕ್ಕೆ ಬಂದರು. ಬೇಸಿಗೆಯಲ್ಲಿ ಮದುವೆ, ಅದಾದ ಮೇಲೆ ಕಾಲೇಜಿನ ಮಾತಿಲ್ಲ, ಮನೆಯಲ್ಲಿ ಹೆಣ್ಣಾಳಿಲ್ಲ ಎಂದರು. ಅಪ್ಪ ತಲೆಯಾಡಿಸಿದ. ಶರಣಪ್ಪ ಅದಕ್ಕೂ ಸುಮ್ಮನೆ ಕೂತಿದ್ದ.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ನೀಲವ್ವ ಗುಹೆ ತಲುಪಿದಳು. ಬಾಗಿಲು ಒಡೆದಳು. ಕಾವಲುಗಾರರ ಮುಂದೆ "ಇಷ್ಟು ದಿನ ರೊಟ್ಟಿ ಬಡಿದವನು ನೀನೇ ಏನು?" ಎಂದು ಕೇಳಿದಳು. ಚಂದ್ರಸೇನ ನಾಚಿಕೆಯಿಂದ ಅಲ್ಲವೆಂದ. ನಿಂತಲ್ಲೇ ಕಲ್ಲಾದ. ಬಸ್ಸಿನಲ್ಲಿ ಹಾಹಾಕಾರ ಎದ್ದಿತು. "ಎಂಥಾ ಕೆಲಸ ಮಾಡಿದಿ ತಂಗಿ! ಅವನ್ನ ಹುಡುಕಿ ಹುಡುಕಿ ಆಕಿ ಕರಡಿ ಬಡಕಲಾಗೈತಿ!" ಎಂದು ದುರಗವ್ವ ಎದೆ ಹಿಡಿದುಕೊಂಡಳು. ಹಿಂಬಾಗಿಲಲ್ಲಿ ಶರಣಪ್ಪ ಪುಸ್ತಕ ಮುಚ್ಚಿ, ಹೊರಗಿನ ಮಳೆ ನೋಡುತ್ತ ನಿಂತಿದ್ದ. ಹಸೀನಾ ನನ್ನ ಕೈ ಹಿಡಿದು ಒಂದು ಸಲ ಒತ್ತಿದಳು. ಅವಳಿಗೆ ಎಲ್ಲವೂ ತಿಳಿದಿತ್ತು.

ನಮ್ಮ ಕಡೆ ಹುಡುಗಿಯನ್ನು ಒಪ್ಪಿದ ಮೇಲೆ, ಹುಡುಗಿಯ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಹೋಗುವುದು ಪದ್ಧತಿ. ಹೋಗುವವರು ಗಂಡಸರು. ಎತ್ತು ನೋಡುತ್ತಾರೆ, ಬಾವಿ ನೋಡುತ್ತಾರೆ, ಬಣವೆಯ ಎತ್ತರ ನೋಡಿ ತಲೆದೂಗಿ ಊಟ ಮಾಡಿ ಬರುತ್ತಾರೆ. ಮನೆಯೊಳಗೆ ಜೀವಮಾನ ಕಳೆಯಬೇಕಾದವಳು ಆ ದಿನ ತನ್ನ ಮನೆಯಲ್ಲೇ ಕೂತಿರುತ್ತಾಳೆ. ನಾನೂ ಬರುತ್ತೇನೆಂದೆ. ಅಪ್ಪ ಹೌಹಾರಿದ. "ಹುಡುಗಿ ಮನಿ ನೋಡಾಕ ಹೋಗೋದನ್ನ ಎಲ್ಲೆರ ಕೇಳೀಯೇನು?"

ಆಗ ಬಾಯಿ ಬಿಟ್ಟದ್ದು ಅವ್ವ. ಜೀವಮಾನದಲ್ಲಿ ಅಪ್ಪನಿಗೆ ಎದುರಾಡಿದವಳಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: "ಎತ್ತ ತರಾಕ ಸಂತಿಗೆ ಹೋದಾಗ, ಹೊಲದಾಗ ಗಳೆ ಹೊಡಿಯಾವ ಬ್ಯಾಡ ಅಂತ ಅವನ್ನ ಮನ್ಯಾಗ ಬಿಟ್ಟು ಹೋಗ್ತೀರೇನು ನೀವು? ಆ ಮನ್ಯಾಗ ಬಾಳೇವು ಮಾಡಾಕಿ ಅಕಿ. ಕರ್ಕೊಂಡ ಹೋಗ್ರಿ." ಅಪ್ಪ ರುಮಾಲು ಝಾಡಿಸಿದ. ಅದೇ ಒಪ್ಪಿಗೆ ಎಂದು ನಾನು ಚಪ್ಪಲಿ ಹಾಕಿಕೊಂಡೆ.

ಕನಕಗಿರಿಯ ಆ ಮನೆಯಲ್ಲಿ ಗಂಡಸರೆಲ್ಲ ಕೊಟ್ಟಿಗೆಯ ಕಡೆ ಹೋದಾಗ ನಾನು ಅಡುಗೆಮನೆಗೆ ಹೋದೆ. ಬುಟ್ಟಿಯ ತುಂಬ ರೊಟ್ಟಿ, ಹಾಳೆಯಷ್ಟು ತೆಳುವು, ಅಂಚಿನಲ್ಲಿ ಒಂದೂ ಸೀಳಿಲ್ಲ. ಅವನ ತಾಯಿ ಚಹಾದ ಪಾತ್ರೆ ಇಳಿಸಲು ಎರಡೂ ಅಂಗೈ ಬಳಸುತ್ತಿದ್ದರು. ನಾನು ಇಳಿಸಿಕೊಟ್ಟೆ. "ಇವನ್ನ ಯಾರು ಬಡದಾರಂತ ನನಗ ಗೊತ್ತೈತ್ರಿ ಅತ್ತಿ" ಎಂದೆ. ಅವರು ಬೆಚ್ಚಿ ಬಾಗಿಲ ಕಡೆ ನೋಡಿದರು. "ಯವ್ವಾ, ಸುಮ್ನಿರು. ನೀ ಒಬ್ಬಾಕಿ ಬಂದ್ರ ಅವಗೂ ಬಿಡುಗಡಿ, ನನಗೂ ಬಿಡುಗಡಿ."

ಬಿಡುಗಡೆ ಇಬ್ಬರಿಗೆ, ಸೆರೆ ನನಗೆ. ಅವರ ಮೇಲೆ ಸಿಟ್ಟು ಬರಲಿಲ್ಲ, ಆ ಕೈಗಳನ್ನು ನೋಡಿ ಯಾರಿಗೆ ಸಿಟ್ಟು ಬಂದೀತು? ಆದರೆ ಪಡಸಾಲೆಗೆ ಬಂದು, ಕೊಟ್ಟಿಗೆಯಿಂದ ವಾಪಸು ಬಂದು ಕೂತಿದ್ದ ಅಷ್ಟೂ ಗಂಡಸರ ಮುಂದೆ ಹೇಳಿದೆ: "ಮನಿ ನೋಡಿದ್ನಿರಿ, ಛಲೋ ಐತಿ. ಇನ್ನ ಹುಡುಗನ್ನ ನೋಡಬೇಕು. ಶರಣಪ್ಪ ಒಂದ್ ರೊಟ್ಟಿ ಬಡದು ತೋರಿಸ್ಲಿ, ನಾ ಈಗ್ಲೇ ಹೂಂ ಅಂತೀನಿ."

ಈ ಸಲ ಯಾರೂ ನಗಲಿಲ್ಲ. ಶರಣಪ್ಪ ಗೋಡೆಗೆ ಒರಗಿ ನಿಂತಿದ್ದ. ಅಡುಗೆಮನೆಯ ಬಾಗಿಲು ಅವನಿಂದ ನಾಲ್ಕು ಹೆಜ್ಜೆ ದೂರವೂ ಇರಲಿಲ್ಲ. ಅವನಪ್ಪ ಮೀಸೆಯ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದರು. ನಾನು ಕಾದೆ. ನಿಜ ಹೇಳುತ್ತೇನೆ, ಅಷ್ಟು ಮನಸ್ಸಿಟ್ಟು ನಾನು ಯಾರಿಗೂ ಕಾದಿಲ್ಲ. ಅವನು ನೆಲ ನೋಡಿದ. ಕದಲಲಿಲ್ಲ.

"ಹಂಗಾದ್ರ ಒಲ್ಲೆ" ಎಂದು ಹೇಳಿ ಹೊರಗೆ ಬಂದೆ. ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂರಲಿಲ್ಲ. ನಾನು ದಾರಿಯುದ್ದಕ್ಕೂ ಅತ್ತೆ. ಒಲ್ಲೆನೆಂದದ್ದಕ್ಕಲ್ಲ, ಅವನು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಾಗಿತ್ತಲ್ಲ ಎಂದು.

ಮನೆಗೆ ಬಂದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: "ನಾಳಿಂದ ಕಾಲೇಜಿಲ್ಲ." ಯಾವುದನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದೆನೋ ಅದೇ ಹೋಯಿತು. ಬೆಳಿಗ್ಗೆ ಬಸ್ಸಿನ ಸದ್ದು ಊರ ಮುಂದೆ ಬಂದು ನಿಂತು, ಮತ್ತೆ ಹೊರಟು ಹೋಗುವುದನ್ನು ಒಳಗೆ ಕೂತು ಕೇಳುತ್ತಿದ್ದೆ. ಅಪ್ಪ ಸಿಂಧನೂರು ಕಡೆಯ ಇನ್ನೊಂದು ಸಂಬಂಧದ ಮಾತು ತೆಗೆದ. ತೊಗರಿಗೆ ಕಳೆ ತೆಗೆಯಲು ನನ್ನನ್ನೂ ಹೊಲಕ್ಕೆ ಕರೆದ. ಹೋದೆ, ಆದರೆ ಅವನ ಜೊತೆ ಮಾತು ಬಿಟ್ಟೆ. ಅವನೂ ಬಿಟ್ಟ. ಮಧ್ಯೆ ಅವ್ವ ಇಬ್ಬರ ಮಾತನ್ನೂ ಹೊತ್ತು ಹಾಕುತ್ತಿದ್ದಳು.

ಒಂದು ಭಾನುವಾರ ದುರಗವ್ವ ಬಂದಳು. ಹಿಂದೆ ನಾಟಿ ಗುಂಪಿನ ಹೆಂಗಸರು, ಅವರ ಜೊತೆ ಕನಕಗಿರಿಯಿಂದ ಬಸ್ ಹತ್ತಿ ಬಂದ ಹಸೀನಾ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಏನಾಯಿತೋ ಎಂದು ಎದ್ದ. ದುರಗವ್ವ ನೇರ ವಿಷಯಕ್ಕೆ ಬಂದಳು: "ಯಪ್ಪಾ, ನಿನ್ನ ಮಗಳು ಒಬ್ಬನ್ನ ಕಲ್ಲು ಮಾಡಿ ಬಂದು ಮನ್ಯಾಗ ಕುಂತಾಳ. ಇದು ನ್ಯಾಯೇನು?"

ಅಪ್ಪ ಗಾಬರಿಯಾದ. "ಯಾರನ್ನ?"

"ಚಂದ್ರ್ಯಾನ್ನ."

"ಯಾವ ಚಂದ್ರ್ಯಾ? ಯಾರ ಮಗ?"

ಅಲ್ಲಿಂದ ಶುರು ಮಾಡಿದಳು ದುರಗವ್ವ. ಕಟ್ಟೆಯ ಮೇಲೇ ಕಾಲು ಚಾಚಿ ಕೂತು, ಹಳ್ಳ ತುಂಬಿದ ದಿನದಿಂದ ಹಿಡಿದು ಇಡೀ ಕಥೆ ಹೇಳಿದಳು. ನಾನು ಹೇಳದೇ ಇದ್ದ ಎರಡು ಯುದ್ಧಗಳನ್ನೂ ಸೇರಿಸಿದಳು. ಅಪ್ಪ ಮೊದಲು ಮುಖ ತಿರುಗಿಸಿ ಕೇಳಿದ. ಕರಡಿ ಬಂದಾಗ ಇತ್ತ ತಿರುಗಿದ. ಗುಹೆಯ ಬಾಗಿಲು ಒಡೆಯುವ ಹೊತ್ತಿಗೆ ಅವನ ಕೈಯಲ್ಲಿದ್ದ ಎಲೆ ಅಡಿಕೆ ಬಾಯಿಗೆ ಹೋಗಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ.

"ಆಮ್ಯಾಲ?" ಎಂದ ಅಪ್ಪ.

"ಆಮ್ಯಾಲಿಂದು ನಿನ್ನ ಮಗಳ ಬಾಯಾಗ ಐತಿ. ಅಕೀನ್ನ ನೀ ಮನ್ಯಾಗ ಕೂರಿಸಿದಿ. ನಾವು ದಿನಾ ಬಸ್ಸಿನ್ಯಾಗ ಒಬ್ಬರ ಮಾರಿ ಒಬ್ಬರು ನೋಡ್ಕೊಂತ ಹೋಗ್ತೀವಿ."

ಅಪ್ಪ ಬಾಗಿಲ ಕಡೆ ತಿರುಗಿದ. ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಮಾತಾಡಿದ: "ಅಲ್ಲ, ಅಕಿ ಹತ್ರ ಕರಡಿ ಐತಿ, ಒಂದ್ ಹೊಡತಕ್ಕ ಆ ಕಲ್ಲು ಒಡಸಬೋದಲ್ಲ?"

"ಇಲ್ಲಪ್ಪ. ಹೊರಗಿಂದ ಒಡದ್ರ ಒಳಗಿದ್ದವ ಪುಡಿಯಾಗ್ತಾನ. ಅವನೇ ಒಳಗಿಂದ ಒದ್ದು ಹೊರಗ ಬರಬೇಕು."

"ಬರಲಿಲ್ಲಂದ್ರ?"

"ಅಕಿ ಕರಡಿ ಏರಿ ಮುಂದಿನ ರಾಜ್ಯಕ್ಕ ಹೋಗ್ತಾಳ. ಅಕಿಗೆ ಬ್ಯಾರೆ ಕೆಲಸ ಇಲ್ಲೇನು?"

ಅಪ್ಪನಿಗೆ ಯಾವುದು ಎಲ್ಲಿ ತಾಗಿತೋ ನನಗೆ ಗೊತ್ತಿಲ್ಲ. ಗಂಡನ ಮನೆಗೆ ಹೋಗದೆಯೂ ಮುಂದಿನ ರಾಜ್ಯವೊಂದಿರುತ್ತದೆ ಎನ್ನುವುದು ಅವನಿಗೆ ಆ ತನಕ ಹೊಳೆದಿರಲಿಲ್ಲವೇನೋ. ಎಲೆ ಬಾಯಿಗೆ ಹಾಕಿಕೊಂಡು ದುರಗವ್ವನಿಗೆ ಹೇಳಿದ: "ನಾಳಿ ಬಸ್ಸಿಗೆ ಕಳಸ್ತೀನಿ, ಸೀಟ ಹಿಡದಿಡು." ಹಿಂದಕ್ಕೆ ತೆಗೆದುಕೊಂಡ ಮಾತು ಅವನ ಜೀವಮಾನದಲ್ಲಿ ಅದೊಂದೇ ಇರಬೇಕು. ಹಸೀನಾ ನಮ್ಮ ಅಂಗಳದಲ್ಲಿ ನಿಂತು ಸಿಳ್ಳೆ ಹಾಕಿದಳು. ಅಪ್ಪ ಕೇಳಿಸಿಯೂ ಕೇಳದವನಂತೆ ದನದ ಕಡೆ ಹೋದ.

ಶರಣಪ್ಪ ಆ ಬಸ್ಸು ಬಿಟ್ಟಿದ್ದ. ನಸುಕಿನ ಬಸ್ಸಿಗೆ ಹೋಗುತ್ತಾನೆಂದು ಹಸೀನಾ ಹೇಳಿದಳು. ನೀಲವ್ವ ಮುಂದಿನ ರಾಜ್ಯಕ್ಕೆ ಹೋದಳು, ಗಾಳಿಯನ್ನು ಗಂಟು ಕಟ್ಟಿ ಮಾರುವ ಮುದುಕಿಯರನ್ನು ಗೆದ್ದಳು. ಬಸ್ಸು ಖುಷಿಯಾಗಿತ್ತು, ನಾನೂ ಓದಿನಲ್ಲಿ ಮುಳುಗಿದೆ. ಅವನ ನೆನಪು ಬರುತ್ತಿರಲಿಲ್ಲ ಎಂದರೆ ನಾನೇ ಕಲ್ಲಾಗಬೇಕಾಗುತ್ತದೆ. ಬರುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಕೇಳಿದಾಗೆಲ್ಲ.

ದೀಪಾವಳಿ ಮುಗಿದು, ಗಂಗಾವತಿ ಕಡೆ ಭತ್ತದ ಕೊಯ್ಲು ಶುರುವಾದಾಗ ಅವನು ಬಂದ. ಜೊತೆಗೆ ಅವನ ತಾಯಿ ಮಾತ್ರ. ಅಪ್ಪ ಕಟ್ಟೆಯ ಮೇಲೆ ಊರಿನ ನಾಲ್ಕು ಜನರ ಜೊತೆ ಕೂತಿದ್ದ. ತಾಯಿ ಕೈ ಮುಗಿದು ನಿಂತೇ ಹೇಳಿದರು: "ಅವರಪ್ಪ ಬರಲಿಲ್ರಿ, ಸಿಟ್ಟಾಗ್ಯಾರ. ಇವ ಮನ್ಯಾಗ ಎಲ್ಲಾರ ಮುಂದ ನಿಜ ಹೇಳ್ಯಾನ. ಇಲ್ಲಿ ನಿಮ್ಮ ಮುಂದ ಹೇಳಿದ್ದು ಸುಳ್ಳು. ಆ ಸುಳ್ಳಿನ್ಯಾಗ ನಂದೂ ಪಾಲೈತ್ರಿ."

ಶರಣಪ್ಪ ಮುಂದೆ ಬಂದ. "ಕಾಕಾ, ಹುಡುಗಿ ನೋಡಾಕ ಬಂದಿಲ್ರಿ. ಈ ಸಲ ತೋರಿಸ್ಕೊಳ್ಳಾಕ ಬಂದೀನಿ. ಎಷ್ಟು ಮಂದಿ ನೋಡ್ತೀರಿ ನೋಡ್ರಿ" ಎಂದು ಅಂಗಿಯ ತೋಳು ಮಡಚಿದ.

ಅವ್ವ ಒಲೆಯನ್ನು ಹೊರಗಿನ ಅಂಗಳದಲ್ಲೇ ಹೂಡಿಕೊಟ್ಟಳು. ಅವಳಿಗೆ ಇಂಥದ್ದರಲ್ಲಿ ಎಷ್ಟು ಉತ್ಸಾಹವಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಶರಣಪ್ಪ ಎಸರು ಕಾಯಿಸಿದ, ಹಿಟ್ಟು ನಾದಿದ, ಮಂಡಿಯೂರಿ ಕೂತು ಬಡಿಯತೊಡಗಿದ. ಮೊದಲನೆಯದು ಎತ್ತುವಾಗಲೇ ಹರಿಯಿತು. ಅಂಗಳದ ತುಂಬ ಜನ ಸೇರಿದ್ದರು, ಯಾರೋ ಹುಡುಗರು ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಎರಡನೆಯದು ಅಂಚಿನ ತನಕ ಸೀಳಿಲ್ಲದೆ ಬಂತು, ಹಂಚಿನ ಮೇಲೆ ಬಿದ್ದು ಉಬ್ಬಿತು. "ನನ್ನ ಸೊಸಿಗಿಂತ ಛಲೋ ಬಡೀತಾನಲೇ!" ಎಂದಳು ದುರಗವ್ವ. ಅವಳ ಸೊಸೆ ಅಲ್ಲೇ ಇದ್ದಳು, ಬೇಜಾರಿಲ್ಲದೆ ನಕ್ಕಳು.

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಕಣ್ಣು ತುಂಬಿ ಬಂದಿತ್ತು, ಆದರೂ ಇಳಿದು ಹೋಗಲಿಲ್ಲ. ನೋಡಬೇಕಾದ ದಿನ ನೋಡಲೇಬೇಕಲ್ಲ. ನಾನೂ ಸರಿಯಾಗಿ ನೋಡಿದೆ.

"ಡಿಗ್ರಿ?" ಎಂದೆ, ಅಲ್ಲಿಂದಲೇ.

"ಮುಗಸು. ಮುಂದೂ ಕಲಿ. ಅಪ್ಪನ ಮುಂದ ಹೇಳೇ ಬಂದೀನಿ" ಎಂದ, ತಲೆ ಎತ್ತದೆ, ಮೂರನೆಯದಕ್ಕೆ ನೀರು ಹಚ್ಚುತ್ತ.

ಅಪ್ಪ ಒಂದು ರೊಟ್ಟಿ ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, ಪುಂಡಿಪಲ್ಯ ಹಚ್ಚಿಕೊಂಡು ನಿಧಾನವಾಗಿ ತಿಂದ. ಇನ್ನೊಂದನ್ನೂ ತಿಂದ. ಅಂಗಳವೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಕೈ ತೊಳೆದು, ಧೋತರದ ಅಂಚಿಗೆ ಒರೆಸಿಕೊಂಡು, ಮೀಸೆ ಸರಿ ಮಾಡಿಕೊಂಡು ಹುಡುಗನ ತಾಯಿಗೆ ಹೇಳಿದ:

"ಆತ್ರೀ ತಾಯಿ, ನೀವು ಹೋಗಿ ಬರ್ರಿ. ನಾವು ವಿಚಾರ ಮಾಡಿ ತಿಳಸ್ತೀವಿ."

ಶರಣಪ್ಪ ಹಿಟ್ಟಿನ ಕೈಯಲ್ಲೇ ಎದ್ದು, ನೆಲ ನೋಡುತ್ತ ನಿಂತ.

ನನ್ನ ಡಿಗ್ರಿಯ ಕೊನೆಯ ಫಲಿತಾಂಶ ಬರುವ ತನಕ ನಾವು ಏನೂ ತಿಳಿಸಲಿಲ್ಲ. ಬಂದ ದಿನ ಅಪ್ಪ ಹೇಳಿ ಕಳಿಸಲೇ ಎಂದು ಕೇಳಿದ. ಬೇಡವೆಂದೆ. ಅದೇ ಬಸ್ ಹತ್ತಿ ಕನಕಗಿರಿಗೆ ಹೋಗಿ, ಆ ಪಡಸಾಲೆಯಲ್ಲಿ ಅವನಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, ಅವರು ಕೊಟ್ಟ ಚಹಾ ಪೂರ್ತಿ ಕುಡಿದು ಹೇಳಿದೆ:

"ಹುಡುಗ ಪಸಂದ ಬಂದಾನ್ರಿ."